ಹಿಪ್ ಹಾಪ್‌ನ ‘ಸುವರ್ಣಯುಗ’: ಒಂದು ಒಲವಿನ ಸಮರ್ಥನೆ ಮತ್ತು ಅದರ ಮಿತಿ

ಹಿಪ್ ಹಾಪ್ ಸಂಗೀತವನ್ನು ಕುರಿತ ಚರ್ಚೆಗಳಲ್ಲಿ ‘ಹಳೆಯದೇ ಮೇಲು’ ಎಂಬ ನಿಲುವು ಕೇವಲ ಅಭಿರುಚಿಯ ಮಾತಾಗಿ ಉಳಿದಿಲ್ಲ. ಅದೊಂದು ವಿಮರ್ಶೆಯ ಮಾನದಂಡವಾಗಿಯೇ ಬಳಕೆಗೆ ಬಂದಿದೆ. ಸ್ಥೂಲವಾಗಿ ೧೯೮೬ರಿಂದ ೧೯೯೬ರವರೆಗಿನ ದಶಕವನ್ನು ‘ಸುವರ್ಣಯುಗ’ವೆಂದು ಕರೆದು, ಅನಂತರ ಬಂದುದೆಲ್ಲವನ್ನೂ ಅವನತಿಯ ಕಥನವಾಗಿ ಓದುವ ಕ್ರಮ ಅಮೆರಿಕದಲ್ಲಿ ಮಾತ್ರವಲ್ಲದೆ ಆ ಸಂಗೀತ ತಲುಪಿದ ಇತರ ಕಡೆಗಳಲ್ಲಿಯೂ ಬೇರೂರಿದೆ. ಹೊಸಗನ್ನಡದ ಕವಿತೆಯನ್ನು ಹಳಗನ್ನಡದ ಅಳತೆಗೋಲಿನಿಂದ ಅಳೆದ ಪಂಡಿತಮಾನ್ಯರ ಕತೆ ಬಲ್ಲವರಿಗೆ ಈ ಕ್ರಮ ಅಪರಿಚಿತವೇನಲ್ಲ. ಹಾಗೆಂದು ಇದನ್ನು ಬರಿಯ ಹಳಹಳಿಕೆಯೆಂದು ತಳ್ಳಿಹಾಕುವುದು ಸುಲಭದ ದಾರಿಯಾಗುತ್ತದೆ. ಹಳೆಯ ಹಿಪ್ ಹಾಪ್‌ನ ಮೇಲಿನ ಒಲವು ಸಮರ್ಥನೀಯವೇ ಆಗಿದೆ. ಆದರೆ ಆ ಒಲವುಳ್ಳವರು ಸಾಮಾನ್ಯವಾಗಿ ಮುಂದಿಡುವ ಕಾರಣಗಳಿಗಾಗಿ ಅಲ್ಲ.

ಮುಂದಿಡುವ ಕಾರಣಗಳಲ್ಲಿ ಮೊದಲನೆಯದು ಆಶಯಕ್ಕೆ ಸಂಬಂಧಿಸಿದ್ದು. ಹಳೆಯ ರ‍್ಯಾಪ್‌ನಲ್ಲಿ ಸಾಮಾಜಿಕ ಪ್ರಜ್ಞೆಯಿತ್ತು, ಕಪ್ಪು ಜನರ ನೋವಿನ ನಿರೂಪಣೆಯಿತ್ತು, ಈಗ ಇರುವುದು ಹಣ, ವಾಹನ, ಮಾದಕ ವಸ್ತುಗಳ ಪಟ್ಟಿ ಮಾತ್ರ ಎಂಬುದು ಈ ವಾದ. ಚರಿತ್ರೆ ಇದಕ್ಕೆ ಬೆಂಬಲ ಕೊಡುವುದಿಲ್ಲ. ಹಿಪ್ ಹಾಪ್‌ನ ಹುಟ್ಟಿನ ದಿನವೆಂದು ಆಚರಿಸಲಾಗುವ ೧೯೭೩ರ ಆಗಸ್ಟ್ ೧೧ರಂದು ನ್ಯೂಯಾರ್ಕಿನ ಬ್ರಾಂಕ್ಸ್ ಭಾಗದ ಸೆಡ್ಜ್‌ವಿಕ್ ಅವೆನ್ಯೂದ ೧೫೨೦ನೆಯ ಸಂಖ್ಯೆಯ ವಸತಿ ಕಟ್ಟಡದಲ್ಲಿ ನಡೆದದ್ದು ಪ್ರತಿಭಟನೆಯ ಸಭೆಯಲ್ಲ, ಒಂದು ಕುಣಿತದ ಕೂಟ. ಸಿಂಡಿ ಕ್ಯಾಂಪ್‌ಬೆಲ್ ಅದನ್ನು ಏರ್ಪಡಿಸಿದ್ದಳು. ಶಾಲೆ ಮರಳಿ ತೆರೆಯುವ ಮುನ್ನ ಹೊಸ ಉಡುಪು ಕೊಳ್ಳಲು ಹಣ ಕೂಡಿಸುವುದು ಉದ್ದೇಶವಾಗಿತ್ತು. ಜಮೈಕಾದ ಕಿಂಗ್‌ಸ್ಟನ್ನಿನಲ್ಲಿ ಹುಟ್ಟಿ, ಅನಂತರ ಕೂಲ್ ಹರ್ಕ್ ಎಂದು ಪ್ರಸಿದ್ಧನಾದ ಅವಳ ಅಣ್ಣ ಕ್ಲೈವ್ ಧ್ವನಿಮುದ್ರಿಕೆಗಳನ್ನು ನುಡಿಸಿದನು. ಕ್ರಾಸ್ ಬ್ರಾಂಕ್ಸ್ ಹೆದ್ದಾರಿ ಸೀಳಿಹೋದ, ಬಾಡಿಗೆ ಮನೆಗಳು ಬೆಂಕಿಗೆ ಆಹುತಿಯಾಗುತ್ತಿದ್ದ ಒಂದು ಪ್ರದೇಶದ ಮಕ್ಕಳು ಕುಣಿಯಲು ಒಂದು ಕೋಣೆ ಕಂಡುಕೊಂಡರೆಂಬುದೇ ಅಲ್ಲಿನ ರಾಜಕೀಯ. ಅದು ಹಾಡಿನ ಸಾಹಿತ್ಯದಲ್ಲಿ ಇರಲಿಲ್ಲ. ನಗರದ ಬಡತನವನ್ನು ನೇರವಾಗಿ ವಸ್ತುವಾಗಿಸಿಕೊಂಡ ‘ದ ಮೆಸೇಜ್’ ಹೊರಬಂದದ್ದು ಒಂಬತ್ತು ವರ್ಷಗಳ ಬಳಿಕ, ೧೯೮೨ರಲ್ಲಿ. ಅದು ಗ್ರ್ಯಾಂಡ್‌ಮಾಸ್ಟರ್ ಫ್ಲ್ಯಾಶ್ ಮತ್ತು ಫ್ಯೂರಿಯಸ್ ಫೈವ್ ತಂಡದ ಹೆಸರಿನಲ್ಲಿ ಪ್ರಕಟವಾದರೂ ಅದರಲ್ಲಿ ಫ್ಲ್ಯಾಶ್‌ನ ಪಾತ್ರವಿಲ್ಲ. ಹಾಡು ಬಹುಪಾಲು ಮೆಲ್ಲಿ ಮೆಲ್ ಮತ್ತು ಡ್ಯೂಕ್ ಬೂಟಿ ಅವರದು. ‘ಪ್ರಜ್ಞಾವಂತ’ ಹಿಪ್ ಹಾಪ್‌ನ ಮೂಲಪಠ್ಯವೆನಿಸಿಕೊಂಡದ್ದು ಹುಟ್ಟಿದ್ದೇ ಕುಣಿತದ ಹಾಡುಗಳ ನಡುವಿನ ಒಂದು ಅಪವಾದವಾಗಿ ಎಂಬುದನ್ನು ಮರೆಯುವಂತಿಲ್ಲ.

ಇನ್ನೊಂದು ಸಂಗತಿಯನ್ನೂ ಇಲ್ಲಿಯೇ ಹೇಳಬೇಕು. ‘ಇದು ನಿಜವಾದ ಹಿಪ್ ಹಾಪ್ ಅಲ್ಲ’ ಎಂಬ ದೂರಿಗೆ ಧ್ವನಿಮುದ್ರಿತ ಹಿಪ್ ಹಾಪ್‌ನಷ್ಟೇ ವಯಸ್ಸಾಗಿದೆ. ೧೯೭೯ರಲ್ಲಿ ಶುಗರ್‌ಹಿಲ್ ಗ್ಯಾಂಗ್‌ನ ‘ರ‍್ಯಾಪರ್ಸ್ ಡಿಲೈಟ್’ ಜನಪ್ರಿಯವಾದಾಗ ಬ್ರಾಂಕ್ಸಿನ ಹಳೆಯ ಕೈಗಳಿಗೆ ಅದು ನಕಲಿಯಾಗಿ ಕಂಡಿತ್ತು. ಅದರಲ್ಲಿ ಡಿಜೆ ಇರಲಿಲ್ಲ. ಶಿಕ್ ತಂಡದ ‘ಗುಡ್ ಟೈಮ್ಸ್’ ಹಾಡಿನ ತಾಳವನ್ನು ವಾದ್ಯಗಾರರು ಮರಳಿ ನುಡಿಸಿದ್ದರು. ಒಬ್ಬ ಹಾಡುಗಾರನ ಸಾಲುಗಳಂತೂ ಗ್ರ್ಯಾಂಡ್‌ಮಾಸ್ಟರ್ ಕ್ಯಾಝ್ ಎಂಬ ಬೇರೊಬ್ಬನವು. ೧೯೯೪ರಲ್ಲಿ ಷಿಕಾಗೊದ ಕಾಮನ್ ಹಿಪ್ ಹಾಪನ್ನು ಹಾದಿತಪ್ಪಿದ ಗೆಳತಿಯ ರೂಪಕದಲ್ಲಿ ಕಂಡು ಶೋಕಗೀತೆ ಬರೆದನು. ಅದೇ ವರ್ಷದ ಏಪ್ರಿಲಿನಲ್ಲಿ ನಾಸ್‌ನ ‘ಇಲ್ಮ್ಯಾಟಿಕ್’, ಸೆಪ್ಟೆಂಬರಿನಲ್ಲಿ ನಟೋರಿಯಸ್ ಬಿ.ಐ.ಜಿ.ಯ ‘ರೆಡಿ ಟು ಡೈ’ ಬಂದಿದ್ದವು. ಇಂದು ಯಾವ ವರ್ಷವನ್ನು ಶಿಖರವೆಂದು ಎಣಿಸಲಾಗುತ್ತಿದೆಯೋ ಆ ವರ್ಷದಲ್ಲಿಯೇ ಒಬ್ಬ ಸಮರ್ಥ ಕವಿಗೆ ಅದು ಪತನವಾಗಿ ತೋರಿತ್ತು! ಆ ನಾಸ್‌ನೇ ೨೦೦೬ರಲ್ಲಿ ಹಿಪ್ ಹಾಪ್ ಸತ್ತಿದೆಯೆಂಬ ಶೀರ್ಷಿಕೆಯ ಸಂಪುಟವನ್ನು ಹೊರತಂದನು. ಸುವರ್ಣಯುಗವೆಂಬುದು ಅದರೊಳಗೆ ಬದುಕುತ್ತಿದ್ದವರಿಗೆ ಗೋಚರವಾಗುವುದು ಅಪರೂಪ. ಕೆಟ್ಟದ್ದನ್ನು ಕಾಲ ಜರಡಿಹಿಡಿದು ಎಸೆದಿರುವುದರಿಂದ ೧೯೮೮ರ ನೂರು ಸಾಧಾರಣ ಧ್ವನಿಮುದ್ರಿಕೆಗಳು ಇಂದಿನ ಕೇಳುಗನ ಕಿವಿಗೆ ಬೀಳುವುದೇ ಇಲ್ಲ. ೨೦೨೪ರ ನೂರು ಸಾಧಾರಣ ಹಾಡುಗಳು ಮಾತ್ರ ದಿನವೂ ಬೀಳುತ್ತವೆ.

ಅಶ್ಲೀಲತೆ, ಹಿಂಸೆ, ಸ್ತ್ರೀದ್ವೇಷಗಳು ಹೊಸಕಾಲದ ಕೊಡುಗೆಯೆಂಬ ಮಾತಿಗೂ ಆಧಾರವಿಲ್ಲ. ಟೂ ಲೈವ್ ಕ್ರ್ಯೂ ತಂಡದ ಸಂಪುಟವೊಂದನ್ನು ಫ್ಲಾರಿಡಾದ ಫೆಡರಲ್ ನ್ಯಾಯಾಧೀಶರು ಅಶ್ಲೀಲವೆಂದು ಘೋಷಿಸಿದ್ದು ೧೯೯೦ರಲ್ಲಿ. ಮೇಲ್ಮನವಿ ನ್ಯಾಯಾಲಯ ಅದನ್ನು ರದ್ದುಗೊಳಿಸಿದ್ದು ೧೯೯೨ರಲ್ಲಿ. ಎರಡೂ ‘ಸುವರ್ಣಯುಗ’ದ ನಟ್ಟನಡುವಿನ ವರ್ಷಗಳೇ.

ಹಾಗಾದರೆ ಒಲವಿಗೆ ಆಧಾರವೆಲ್ಲಿದೆ? ಅದು ಆಶಯದಲ್ಲಿಲ್ಲ, ಆಕೃತಿಯಲ್ಲಿದೆ. ಇನ್ನೂ ಖಚಿತವಾಗಿ ಹೇಳುವುದಾದರೆ ಕಟ್ಟುವ ಕ್ರಮದಲ್ಲಿದೆ. ಕೂಲ್ ಹರ್ಕ್ ಗಮನಿಸಿದ್ದು ಬಹಳ ಸರಳವಾದ ಸಂಗತಿ. ಫಂಕ್ ಹಾಡಿನಲ್ಲಿ ಉಳಿದ ವಾದ್ಯಗಳು ನಿಂತು ತಾಳವಾದ್ಯ ಮಾತ್ರ ಉಳಿಯುವ ಕೆಲವೇ ಕ್ಷಣಗಳಲ್ಲಿ ಕುಣಿಯುವವರು ಹುಚ್ಚೆದ್ದು ಕುಣಿಯುತ್ತಾರೆ. ಆ ಕ್ಷಣಗಳನ್ನು ಅವನು ಹಿಗ್ಗಿಸಿದನು: ಒಂದೇ ಮುದ್ರಿಕೆಯ ಎರಡು ಪ್ರತಿಗಳನ್ನು ಎರಡು ತಿರುಗುಮೇಜುಗಳಲ್ಲಿಟ್ಟು, ಒಂದರಲ್ಲಿ ಆ ಭಾಗ ಮುಗಿಯುವಾಗ ಇನ್ನೊಂದರಲ್ಲಿ ಮೊದಲಿನಿಂದ ಆರಂಭಿಸುವುದು. ಫ್ಲ್ಯಾಶ್ ಇದಕ್ಕೆ ಗಡಿಯಾರದ ನಿಖರತೆ ತಂದನು. ಗ್ರ್ಯಾಂಡ್ ವಿಝರ್ಡ್ ಥಿಯೊಡೋರ್ ಮುದ್ರಿಕೆಯನ್ನು ಬೆರಳಿನಿಂದ ಹಿಂದುಮುಂದು ಉಜ್ಜುವುದನ್ನೇ ನಾದವಾಗಿಸಿದನು. ಇಲ್ಲಿ ಕೇಳುವ ಯಂತ್ರವು ನುಡಿಸುವ ವಾದ್ಯವಾಯಿತು. ಬರವಣಿಗೆಯ ಪರಂಪರೆಯಲ್ಲಿ ಓದುಗನೇ ಲೇಖಕನಾಗುವ ಪ್ರಸಂಗಕ್ಕೆ ಇದು ಸಮೀಪದ್ದು.

೧೯೮೭ರಲ್ಲಿ ಬಂದ ಇ-ಮ್ಯೂ ಸಂಸ್ಥೆಯ ಎಸ್‌ಪಿ-೧೨೦೦ ಎಂಬ ಯಂತ್ರ ಈ ಕ್ರಮವನ್ನು ಮನೆಯ ಮೇಜಿನ ಮೇಲೆ ತಂದಿಟ್ಟಿತು. ಅದರ ನೆನಪಿನ ಶಕ್ತಿ ಒಟ್ಟು ಹತ್ತು ಸೆಕೆಂಡು ಮಾತ್ರ. ಹತ್ತು ಸೆಕೆಂಡಿನಲ್ಲಿ ಒಂದು ಹಾಡನ್ನು ಕಟ್ಟಬೇಕಾದವರು ೩೩ರ ವೇಗದ ಮುದ್ರಿಕೆಯನ್ನು ೪೫ರ ವೇಗದಲ್ಲಿ ಓಡಿಸಿ ತುಣುಕನ್ನು ಮುದ್ರಿಸಿಕೊಳ್ಳುತ್ತಿದ್ದರು. ಆ ಬಳಿಕ ಯಂತ್ರದೊಳಗೆ ಅದರ ಶ್ರುತಿಯನ್ನು ಇಳಿಸುತ್ತಿದ್ದರು. ಹೀಗೆ ಜಾಗ ಉಳಿಯುತ್ತಿತ್ತು; ಜೊತೆಗೆ ೧೨ ಬಿಟ್ಟಿನ ಆ ಯಂತ್ರದಲ್ಲಿ ನಾದ ಒರಟಾಗಿ, ಮರಳು ಬೆರೆತಂತೆ ಕೇಳುತ್ತಿತ್ತು. ಆ ಒರಟುತನವನ್ನೇ ಇಂದಿನ ಅಭಿಮಾನಿಗಳು ‘ಹಳೆಯ ಸದ್ದು’ ಎಂದು ಪ್ರೀತಿಸುತ್ತಾರೆ. ಮಿತಿಯೇ ಶೈಲಿಯಾದದ್ದಕ್ಕೆ ಛಂದಶ್ಶಾಸ್ತ್ರದ ವಿದ್ಯಾರ್ಥಿಗಳಿಗೆ ಬೇರೆ ನಿದರ್ಶನ ಬೇಕಿಲ್ಲ. ಪಬ್ಲಿಕ್ ಎನಿಮಿ ತಂಡದ ೧೯೮೮ರ ಸಂಪುಟದಲ್ಲಿ ಹತ್ತಾರು ಮುದ್ರಿಕೆಗಳ ತುಣುಕುಗಳು ಒಂದರ ಮೇಲೊಂದು ಬಿದ್ದು ಸೈರನ್ನಿನಂತೆ ಮೊರೆಯುತ್ತವೆ. ಡಿ ಲಾ ಸೋಲ್ ತಂಡದ ೧೯೮೯ರ ‘ತ್ರೀ ಫೀಟ್ ಹೈ ಅಂಡ್ ರೈಸಿಂಗ್’ನಲ್ಲಿ ಸ್ಟೀಲಿ ಡ್ಯಾನ್, ಓಟಿಸ್ ರೆಡಿಂಗ್, ಜಾನಿ ಕ್ಯಾಶ್ ಮಾತ್ರವಲ್ಲ, ಫ್ರೆಂಚ್ ಕಲಿಸುವ ಒಂದು ಪಾಠದ ಮುದ್ರಿಕೆಯೂ ಇದೆ. ಇಂತಹ ಹಾಡನ್ನು ಕೇಳುವುದೆಂದರೆ ಒಂದು ಸಮುದಾಯದ ಶ್ರವಣಸ್ಮೃತಿಯನ್ನು ಪದರಪದರವಾಗಿ ಬಿಡಿಸುವುದು. ತಂದೆತಾಯಿಯರ ಕಪಾಟಿನಲ್ಲಿದ್ದ ಮುದ್ರಿಕೆಯನ್ನು ಮಗ ತೆಗೆದು ಅದರಿಂದ ಬೇರೆ ಮಾತನ್ನು ನುಡಿಸುತ್ತಾನೆ. ಮೂಲದ ಗುರುತು ಉಳಿದಿರುತ್ತದೆ, ಅರ್ಥ ಬದಲಾಗಿರುತ್ತದೆ. ಪಂಪನು ವ್ಯಾಸಭಾರತವನ್ನು ತನ್ನದಾಗಿಸಿಕೊಂಡ ಪರಿಯನ್ನು ಕಲಿಸುವ ವಿಭಾಗಗಳಲ್ಲಿ ಇದನ್ನು ಕಳ್ಳತನವೆಂದು ಕರೆಯುವವರು ಇರಲಾರರು.

ನ್ಯಾಯಾಲಯ ಹಾಗೆಯೇ ಕರೆಯಿತು. ಬಿಝ್ ಮಾರ್ಕಿ ಎಂಬ ಕಲಾವಿದ ಗಿಲ್ಬರ್ಟ್ ಒ’ಸಲಿವನ್ ಅವರ ಹಾಡೊಂದರ ತುಣುಕನ್ನು ಅನುಮತಿಯಿಲ್ಲದೆ ಬಳಸಿದ್ದಕ್ಕೆ ಸಂಬಂಧಿಸಿದ ವ್ಯಾಜ್ಯದಲ್ಲಿ ನ್ಯೂಯಾರ್ಕಿನ ಫೆಡರಲ್ ನ್ಯಾಯಾಧೀಶ ಕೆವಿನ್ ಡಫಿ ೧೯೯೧ರ ಡಿಸೆಂಬರಿನಲ್ಲಿ ನೀಡಿದ ತೀರ್ಪು ಬೈಬಲ್ಲಿನ ಕಳವು ನಿಷೇಧದ ಆಜ್ಞೆಯೊಂದಿಗೆ ತೊಡಗುತ್ತದೆ. ಅಂದಿನಿಂದ ಪ್ರತಿ ತುಣುಕಿಗೂ ಮುಂಗಡ ಅನುಮತಿ, ಪ್ರತಿ ಅನುಮತಿಗೂ ಬೆಲೆ ಎಂಬುದು ಕಂಪನಿಗಳ ನಿಯಮವಾಯಿತು. ಒಂದು ಹಾಡಿನಲ್ಲಿ ಹದಿನೈದು ತುಣುಕು ಬಳಸುವುದು ಶ್ರೀಮಂತರಿಗೂ ದುಬಾರಿಯಾಯಿತು. ಒಂದೋ ಎರಡೋ ಪ್ರಸಿದ್ಧ ತುಣುಕನ್ನು ಕೊಂಡು ಅದನ್ನೇ ಮೆರೆಸುವುದು, ಇಲ್ಲವೇ ತುಣುಕನ್ನು ಬಿಟ್ಟು ಕೀಲಿಮಣೆಯಲ್ಲಿ ಹೊಸದಾಗಿ ನುಡಿಸುವುದು ಎಂಬ ಎರಡೇ ದಾರಿಗಳು ಹೆಚ್ಚಿನವರಿಗೆ ಉಳಿದವು. ಡಿ ಲಾ ಸೋಲ್ ತಂಡದ ಗತಿ ಇದಕ್ಕೆ ಸಾಕ್ಷಿ. ಅನುಮತಿಯ ತೊಡಕುಗಳಿಂದಾಗಿ ಅದರ ಆರಂಭದ ಸಂಪುಟಗಳು ಅಂತರಜಾಲದ ಸಂಗೀತ ಸೇವೆಗಳಲ್ಲಿ ವರ್ಷಗಟ್ಟಲೆ ದೊರೆಯಲಿಲ್ಲ. ಕೊನೆಗೆ ೨೦೨೩ರ ಮಾರ್ಚ್ ೩ರಂದು ದೊರೆತವು. ತಂಡದ ಮೂವರಲ್ಲಿ ಒಬ್ಬನಾದ ಡೇವಿಡ್ ಜಾಲಿಕರ್ ಅದಕ್ಕೆ ಮೂರು ವಾರಗಳಿಗೂ ಕಡಿಮೆ ಅವಧಿಯ ಹಿಂದೆ, ಫೆಬ್ರವರಿ ೧೨ರಂದು ತೀರಿಕೊಂಡಿದ್ದನು.

ಆದುದರಿಂದ ಹಳೆಯ ಹಿಪ್ ಹಾಪನ್ನು ಮೆಚ್ಚುವವರು ಕಳೆದುಕೊಂಡದ್ದು ಒಂದು ಸತ್ಯವಾದ ವಸ್ತುವನ್ನೇ. ಆದರೆ ಅದನ್ನು ಕಸಿದುಕೊಂಡವರು ಇಂದಿನ ಇಪ್ಪತ್ತರ ಹರೆಯದ ಹಾಡುಗಾರರಲ್ಲ. ಅವರಲ್ಲಿ ಹಲವರು ಹುಟ್ಟುವ ಮೊದಲೇ ಬಾಗಿಲು ಮುಚ್ಚಿಯಾಗಿತ್ತು. ಕಾನೂನಿನ ಮೇಲೆ ಹೊರಿಸಬೇಕಾದ ದೂರನ್ನು ಪೀಳಿಗೆಯ ಮೇಲೆ ಹೊರಿಸುತ್ತಿರುವುದು ಈ ಚರ್ಚೆಯ ದೊಡ್ಡ ದೋಷ.

ಇದರ ಇನ್ನೊಂದು ಮುಖವನ್ನು ಮರೆಮಾಚುವುದು ಪ್ರಾಮಾಣಿಕವಾಗದು. ಹಳೆಯ ಕ್ರಮ ನಿರಪಾಯವಾಗಿರಲಿಲ್ಲ. ಜೇಮ್ಸ್ ಬ್ರೌನ್‌ನ ೧೯೭೦ರ ‘ಫಂಕಿ ಡ್ರಮರ್’ನಲ್ಲಿ ತಾಳವನ್ನು ನುಡಿಸಿದ ಕ್ಲೈಡ್ ಸ್ಟಬಲ್‌ಫೀಲ್ಡ್‌ನ ಕೈಚಳಕ ಅಸಂಖ್ಯ ರ‍್ಯಾಪ್ ಹಾಡುಗಳ ಬೆನ್ನೆಲುಬಾಗಿದೆ, ಹಾಡಿನ ಹಕ್ಕಿನಲ್ಲಿ ಅವನಿಗೆ ಪಾಲಿರಲಿಲ್ಲ. ವಿನ್‌ಸ್ಟನ್ಸ್ ತಂಡದ ೧೯೬೯ರ ಮುದ್ರಿಕೆಯೊಂದರ ಕೆಲವು ಸೆಕೆಂಡುಗಳ ತಾಳವನ್ನು ಜಗತ್ತೇ ಬಳಸಿತು. ಅದನ್ನು ನುಡಿಸಿದ ಗ್ರೆಗರಿ ಕೋಲ್ಮನ್ ೨೦೦೬ರಲ್ಲಿ ನೆಲೆಯಿಲ್ಲದವನಾಗಿ ಸತ್ತನು. ಭಾರತದ ಉದಾಹರಣೆಯೂ ಉಂಟು. ೨೦೦೨ರಲ್ಲಿ ಟ್ರೂತ್ ಹರ್ಟ್ಸ್ ಹಾಡಿದ ‘ಅಡಿಕ್ಟಿವ್’ ನಿಂತಿರುವುದು ‘ಜ್ಯೋತಿ’ ಎಂಬ ಹಿಂದಿ ಚಿತ್ರಕ್ಕೆ ಬಪ್ಪಿ ಲಾಹಿರಿ ಸಂಯೋಜಿಸಿ ಲತಾ ಮಂಗೇಶ್ಕರ್ ಹಾಡಿದ ಹಾಡಿನ ಮೇಲೆ. ಅದರಲ್ಲಿ ಅವರಿಬ್ಬರ ಹೆಸರಿರಲಿಲ್ಲ. ವಿಷಯ ಅಮೆರಿಕದ ನ್ಯಾಯಾಲಯದ ಮೆಟ್ಟಿಲೇರಿತು. ಆದರೆ ಗಮನಿಸಬೇಕಾದದ್ದು, ೧೯೯೧ರ ತೀರ್ಪಿನಿಂದ ತಾಳ ನುಡಿಸಿದ ಬಡವನ ಕೈಗೆ ಏನೂ ಬರಲಿಲ್ಲ ಎಂಬುದು. ಅದು ಕಾಯ್ದದ್ದು ಹಕ್ಕುಪತ್ರ ಇದ್ದವರನ್ನು.

ಎರಡನೆಯ ಕಾರಣ ಉಚ್ಚಾರಣೆಗೆ, ಪದಬಂಧಕ್ಕೆ ಸಂಬಂಧಿಸಿದ್ದು. ಹಳಬರು ಸ್ಪಷ್ಟವಾಗಿ ನುಡಿದರು, ಹೊಸಬರು ಗೊಣಗುತ್ತಾರೆ ಎನ್ನಲಾಗುತ್ತದೆ. ಇದರಲ್ಲಿ ಅರ್ಧ ಸತ್ಯವಿದೆ. ಎರಿಕ್ ಬಿ. ಮತ್ತು ರಾಕಿಂ ಅವರ ೧೯೮೭ರ ‘ಪೇಡ್ ಇನ್ ಫುಲ್’ ಬರುವ ತನಕ ರ‍್ಯಾಪ್‌ನ ಪ್ರಾಸ ಹೆಚ್ಚಾಗಿ ಸಾಲಿನ ಕೊನೆಯಲ್ಲಿ ಬೀಳುತ್ತಿತ್ತು. ವಾಕ್ಯ ಸಾಲಿನೊಂದಿಗೇ ಮುಗಿಯುತ್ತಿತ್ತು. ಸ್ವತಃ ಸ್ಯಾಕ್ಸೊಫೋನ್ ಬಲ್ಲ ರಾಕಿಂ ವಾಕ್ಯವನ್ನು ಸಾಲಿನಾಚೆಗೆ ಹರಿಸಿದನು, ಸಾಲಿನ ನಡುವೆ ಒಳಪ್ರಾಸಗಳನ್ನು ಹೆಣೆದನು, ಕೂಗುವ ದನಿಯನ್ನು ಮಾತಿನ ದನಿಗೆ ಇಳಿಸಿದನು. ಕನ್ನಡದ ಪ್ರಾಸಪ್ರಜ್ಞೆ ಇದಕ್ಕೆ ವಿರುದ್ಧ ದಿಕ್ಕಿನದು ಎಂಬುದು ಇಲ್ಲಿ ಕುತೂಹಲಕರ. ನಮ್ಮ ಆದಿಪ್ರಾಸದಲ್ಲಿ ಪಾದದ ಎರಡನೆಯ ಅಕ್ಷರದ ವ್ಯಂಜನ ಕೂಡಬೇಕು, ಅದರ ಸ್ವರ ಬೇರೆಯಾದರೂ ದೋಷವಿಲ್ಲ. ರಾಕಿಂ ಪರಂಪರೆಯ ಬಹ್ವಕ್ಷರ ಪ್ರಾಸದಲ್ಲಿ ಒತ್ತುಬಿದ್ದ ಸ್ವರಗಳು ಸಾಲಾಗಿ ಕೂಡಬೇಕು, ವ್ಯಂಜನಗಳು ಸಡಿಲವಾಗಿದ್ದರೂ ಕಿವಿ ಒಪ್ಪುತ್ತದೆ. ಈ ಸ್ವರಸಾಮ್ಯದ ಹೆಣಿಗೆಯನ್ನು ‘ಇಲ್ಮ್ಯಾಟಿಕ್’ನಷ್ಟು ನಿರಾಯಾಸವಾಗಿ ನಡೆಸಿದ ಸಂಪುಟ ಇಂದಿನ ಮುಖ್ಯಧಾರೆಯಲ್ಲಿ ಸಿಗುವುದು ಕಷ್ಟ. ಅಷ್ಟರ ಮಟ್ಟಿಗೆ ಒಲವು ನ್ಯಾಯವಾದದ್ದು.

ಆದರೆ ಗೊಣಗಾಟವೆಂದು ಹಳಿಯಲಾದ ಶೈಲಿಯಲ್ಲಿಯೂ ಛಂದಸ್ಸಿದೆ. ಅಟ್ಲಾಂಟಾದ ಮಿಗೋಸ್ ತಂಡ ೨೦೧೩ರ ‘ವರ್ಸಾಚೆ’ಯಿಂದ ಜನಪ್ರಿಯಗೊಳಿಸಿದ ನಡೆಯಲ್ಲಿ ಪ್ರತಿಯೊಂದು ತಾಳದ ಪೆಟ್ಟು ಮೂರು ಸಮಭಾಗಗಳಾಗಿ ಒಡೆಯುತ್ತದೆ, ಮೆಂಫಿಸ್ಸಿನ ತ್ರೀ ಸಿಕ್ಸ್ ಮಾಫಿಯಾ ೧೯೯೦ರ ದಶಕದಲ್ಲಿಯೇ ಇದನ್ನು ಬಳಸಿತ್ತು. ನ್ಯೂಯಾರ್ಕಿನ ಹಳೆಯ ನಡೆ ನಾಲ್ಕು ಮಾತ್ರೆಯ ಗಣಗಳ ಶರ ಷಟ್ಪದಿಯಂತಿದ್ದರೆ ಇದು ಮೂರು ಮಾತ್ರೆಯ ಗಣಗಳ ಭೋಗ ಷಟ್ಪದಿಯಂತೆ ಕುಣಿಯುತ್ತದೆ. ಭೋಗ ಷಟ್ಪದಿ ಶರ ಷಟ್ಪದಿಯ ಅವನತಿಯೆಂದು ಯಾವ ಛಂದೋವಿದರೂ ಹೇಳಿಲ್ಲ. ಇನ್ನು ಪದಗಳು ಕರಗಿ ದನಿ ಮಾತ್ರ ಉಳಿಯುವುದೇ ದೋಷವಾದರೆ ಆಲಾಪನೆಯನ್ನು ಕುರಿತು ಏನು ಹೇಳಬೇಕು?

ಇಲ್ಲಿ ಭಾಷೆಯ ರಾಜಕಾರಣವೂ ಅಡಗಿದೆ. ೧೯೯೫ರ ಆಗಸ್ಟಿನಲ್ಲಿ ನ್ಯೂಯಾರ್ಕಿನಲ್ಲಿ ನಡೆದ ‘ಸೋರ್ಸ್’ ಪತ್ರಿಕೆಯ ಪ್ರಶಸ್ತಿ ಸಮಾರಂಭದಲ್ಲಿ ಅಟ್ಲಾಂಟಾದ ಔಟ್‌ಕಾಸ್ಟ್ ತಂಡ ಪ್ರಶಸ್ತಿ ಪಡೆದಾಗ ಸಭೆ ಅವರನ್ನು ಗೇಲಿಮಾಡಿ ಕೂಗಿತು. ದಕ್ಷಿಣಕ್ಕೂ ಹೇಳಲು ಮಾತಿದೆಯೆಂಬರ್ಥದಲ್ಲಿ ಆಂದ್ರೆ ಅಂದು ವೇದಿಕೆಯಿಂದ ಕೊಟ್ಟ ಉತ್ತರ ಮುಂದಿನ ಮೂರು ದಶಕಗಳ ಇತಿಹಾಸವಾಯಿತು. ‘ಸ್ಪಷ್ಟ ಉಚ್ಚಾರಣೆ’ ಎಂದು ಹೊಗಳಲಾಗುವುದು ಬಹುಮಟ್ಟಿಗೆ ನ್ಯೂಯಾರ್ಕಿನ ಉಚ್ಚಾರಣೆಯೇ. ‘ಗೊಣಗಾಟ’ವೆಂದು ಹಳಿಯಲಾಗುವುದು ಹಲವು ಸಲ ದಕ್ಷಿಣದ ಕಪ್ಪು ಜನರ ಆಡುನುಡಿ. ಒಂದು ಪ್ರದೇಶದ ದೇಶಿಯೇ ಮಾರ್ಗವಾಗಿ ಗದ್ದುಗೆಯೇರಿ ಇನ್ನೊಂದು ದೇಶಿಯನ್ನು ಅಪಶಬ್ದವೆನ್ನುವುದು ಕನ್ನಡ ಸಾಹಿತ್ಯ ಚರಿತ್ರೆಗೂ ಹೊಸತಲ್ಲ. ವಿನೋದವೆಂದರೆ, ದಕ್ಷಿಣದ ಟ್ರ್ಯಾಪ್ ಶೈಲಿಯ ಗುರುತಾದ ರೋಲ್ಯಾಂಡ್ ಟಿಆರ್-೮೦೮ ಎಂಬ ತಾಳಯಂತ್ರ ಸುವರ್ಣಯುಗದ ಎಸ್‌ಪಿ-೧೨೦೦ಕ್ಕಿಂತ ಹಳೆಯದು. ೧೯೮೦ರಲ್ಲಿ ಬಂದ ಅದು ೧೯೮೨ರ ‘ಪ್ಲ್ಯಾನೆಟ್ ರಾಕ್’ನಲ್ಲಿ ಬ್ರಾಂಕ್ಸಿನವರ ಕೈಯಲ್ಲಿಯೇ ಮೊಳಗಿತ್ತು. ವಯಸ್ಸಿನ ಲೆಕ್ಕದಲ್ಲಿ ಹಳೆಯದು ಯಾವುದೆಂದು ಕೇಳಿದರೆ ಉತ್ತರ ಅಷ್ಟು ಸರಳವಲ್ಲ.

ಹಾಡು ಮೊಟಕಾದದ್ದಕ್ಕೆ ಕಾರಣ ವಾಣಿಜ್ಯದಲ್ಲಿದೆ. ಸ್ಪಾಟಿಫೈನಂತಹ ಸೇವೆಯಲ್ಲಿ ಮೂವತ್ತು ಸೆಕೆಂಡು ಕೇಳಿದರೆ ಒಂದು ಬಾರಿ ಕೇಳಿದಂತೆ. ಐದು ನಿಮಿಷದ ಹಾಡಿಗೂ ಎರಡು ನಿಮಿಷದ ಹಾಡಿಗೂ ಲೆಕ್ಕ ಒಂದೇ. ೨೦೧೯ರಲ್ಲಿ ಹತ್ತೊಂಬತ್ತು ವಾರ ಅಮೆರಿಕದ ಜನಪ್ರಿಯತೆಯ ಪಟ್ಟಿಯ ಮೊದಲ ಸ್ಥಾನದಲ್ಲಿದ್ದ ‘ಓಲ್ಡ್ ಟೌನ್ ರೋಡ್’ನ ಮೂಲರೂಪದ ಅವಧಿ ಎರಡು ನಿಮಿಷವೂ ಇಲ್ಲ.

ಈ ವಿವಾದವನ್ನು ಅಭಿರುಚಿಯ ಜಗಳವೆಂದು ಬಿಟ್ಟುಬಿಡಲು ಆಗದಿರುವುದಕ್ಕೆ ಗಂಭೀರವಾದ ಕಾರಣವೊಂದಿದೆ. ರ‍್ಯಾಪ್ ಸಾಹಿತ್ಯವನ್ನು ಅಮೆರಿಕದ ಪ್ರಾಸಿಕ್ಯೂಟರುಗಳು ಅಪರಾಧದ ಸಾಕ್ಷ್ಯವಾಗಿ ನ್ಯಾಯಾಲಯದಲ್ಲಿ ಓದುತ್ತ ಬಂದಿದ್ದಾರೆ. ನಿರೂಪಕನೇ ಕವಿ, ಪದ್ಯವೇ ತಪ್ಪೊಪ್ಪಿಗೆ ಎಂಬುದು ಈ ಓದಿನ ತಳಹದಿ. ೨೦೧೪ರಲ್ಲಿ ನ್ಯೂಜೆರ್ಸಿಯ ಸರ್ವೋಚ್ಚ ನ್ಯಾಯಾಲಯ ಇಂತಹ ಓದಿಗೆ ಕಡಿವಾಣ ಹಾಕಿತು. ೨೦೨೨ರಲ್ಲಿ ಕ್ಯಾಲಿಫೋರ್ನಿಯ ಇದಕ್ಕೆಂದೇ ಶಾಸನ ಮಾಡಿತು. ಆದರೆ ಅಟ್ಲಾಂಟಾದ ಯಂಗ್ ಥಗ್ ಮತ್ತಿತರರ ಮೇಲಿನ ಮೊಕದ್ದಮೆಯಲ್ಲಿ ೨೦೨೩ರ ನವೆಂಬರಿನಲ್ಲಿಯೂ ಹಾಡಿನ ಸಾಲುಗಳನ್ನು ಷರತ್ತಿಗೊಳಪಟ್ಟು ಸಾಕ್ಷ್ಯವಾಗಿ ಬಳಸಲು ನ್ಯಾಯಾಧೀಶರು ಅವಕಾಶ ಕೊಟ್ಟರು. ‘ಇದರಲ್ಲಿ ಕಲೆಯಿಲ್ಲ, ಇದು ಬೀದಿಯ ಬಡಾಯಿ’ ಎಂದು ಹಿರಿಯ ಅಭಿಮಾನಿ ಹೇಳಿದಾಗ ಅವನು ತಿಳಿಯದೆ ಪ್ರಾಸಿಕ್ಯೂಟರನ ಮಾತನ್ನೇ ಆಡುತ್ತಿರುತ್ತಾನೆ. ಇಷ್ಟವಾಗದ ಕೃತಿಯೂ ಕೃತಿಯೇ, ಅದರ ‘ನಾನು’ ಕಲ್ಪಿತ ಪಾತ್ರ ಎಂಬ ಕಾವ್ಯಮೀಮಾಂಸೆಯ ಪ್ರಾಥಮಿಕ ಪಾಠ ಇಲ್ಲಿ ಕೆಲವರ ಸೆರೆವಾಸದ ಪ್ರಶ್ನೆಯಾಗುತ್ತದೆ. ಹಳೆಯ ಪೀಳಿಗೆಯ ಜೇ-ಝಿ ೨೦೨೨ರಲ್ಲಿ ನ್ಯೂಯಾರ್ಕಿನ ಇಂತಹದೇ ಮಸೂದೆಗೆ ಬೆಂಬಲವಾಗಿ ಸಹಿ ಹಾಕಿದ್ದನ್ನು ಸುವರ್ಣಯುಗದ ಆರಾಧಕರು ಗಮನಿಸಬೇಕು.

‘ಹಳೆಯದು’ ಎಂಬುದನ್ನು ಕಾಲವಾಗಿ ಅಲ್ಲದೆ ಕ್ರಮವಾಗಿ ತಿಳಿದರೆ ಅದು ಸತ್ತಿಲ್ಲವೆಂಬುದೂ ಕಾಣುತ್ತದೆ. ರಾಕ್ ಮಾರ್ಸಿಯಾನೊನ ೨೦೧೦ರ ‘ಮಾರ್ಕ್‌ಬರ್ಗ್’, ಫ್ರೆಡಿ ಗಿಬ್ಸ್ ಮತ್ತು ಮ್ಯಾಡ್ಲಿಬ್ ಅವರ ೨೦೧೯ರ ‘ಬಂದಾನ’ ತುಣುಕುಗಳಿಂದಲೇ ಕಟ್ಟಿದವು. ಕೆಂಡ್ರಿಕ್ ಲಮಾರ್‌ನ ೨೦೧೭ರ ‘ಡ್ಯಾಮ್’ ಮರುವರ್ಷ ಪುಲಿಟ್ಜರ್ ಪಡೆದಾಗ ಹಳೆಯ ಪದಬಂಧವೂ ಹೊಸ ತಾಳಯಂತ್ರವೂ ಒಂದೇ ಕೃತಿಯಲ್ಲಿ ಕೂಡಿದ್ದವು.

ಕನ್ನಡದಲ್ಲಿ ಚಂದನ್ ಶೆಟ್ಟಿ, ‘ಆಲ್ ಓಕೆ’ ಎಂದು ಹೆಸರಾದ ಅಲೋಕ್ ಮೊದಲಾದವರಿಂದ ರ‍್ಯಾಪ್ ಜನಪ್ರಿಯವಾದದ್ದು ೨೦೧೦ರ ದಶಕದಲ್ಲಿ. ಆ ಹೊತ್ತಿಗೆ ತಾಳವನ್ನು ಗಣಕಯಂತ್ರದಲ್ಲಿಯೇ ಕಟ್ಟುವುದು ರೂಢಿಯಾಗಿತ್ತು. ಕಪಾಟಿನ ಮುದ್ರಿಕೆಯನ್ನು ಕೆದಕುವ ಘಟ್ಟವನ್ನು ದಾಟದೆ ಬಂದ ಹಿಪ್ ಹಾಪ್ ಇದು. ಆ ಘಟ್ಟ ಇಲ್ಲಿ ಇನ್ನೂ ಸಾಧ್ಯ. ೧೯೫೭ರ ಕೃತಿಸ್ವಾಮ್ಯ ಕಾಯ್ದೆಯಂತೆ ಭಾರತದಲ್ಲಿ ಧ್ವನಿಮುದ್ರಿಕೆಯ ಹಕ್ಕು ಪ್ರಕಟಣೆಯ ಮರುವರ್ಷದಿಂದ ಅರುವತ್ತು ವರ್ಷ. ೧೯೫೦ರ ದಶಕದ ಸುಗಮ ಸಂಗೀತದ, ಅದಕ್ಕೂ ಹಿಂದಿನ ನಾಟಕದ ಹಾಡುಗಳ ಮುದ್ರಿಕೆಗಳ ಮೇಲಿನ ಈ ಹಕ್ಕು ಈಗಾಗಲೇ ಮುಗಿದಿದೆ. ಅವುಗಳೊಳಗಿನ ಸಾಹಿತ್ಯ ಬೇಂದ್ರೆಯವರದಾಗಿದ್ದರೆ ಅದರ ಹಕ್ಕು ೨೦೪೧ರ ಕೊನೆಯವರೆಗೆ ಇದೆ. ಕುವೆಂಪು ಅವರದಾಗಿದ್ದರೆ ೨೦೫೪ರವರೆಗೆ. ಸಾಹಿತ್ಯವಿಲ್ಲದ, ಹಾರ್ಮೋನಿಯಂ ಮತ್ತು ತಬಲ ಮಾತ್ರ ಕೇಳುವ ನಾಲ್ಕು ಸೆಕೆಂಡುಗಳು ಆ ಮುದ್ರಿಕೆಗಳಲ್ಲಿ ಬೇಕಾದಷ್ಟಿವೆ.